ನೀರಿನ ಮೇಲಿನ ಬಣ್ಣ: ವಿಜ್ಞಾನದ ಪಾಠವನ್ನೂ ಚಿತ್ರಕಲೆಯ ಪಾಠವನ್ನೂ ಒಂದೇ ಮೇಜಿಗೆ ತರಬಹುದೇ?

ನೀರಸುಳಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಚಿತ್ರಕಲಾ ಶಿಕ್ಷಕರ ಜೊತೆ ಸೇರಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ದ್ರವಗಳ ಹರಿವನ್ನು ಚಿತ್ರ ಮಾಡಿಸುತ್ತಲೇ ಕಲಿಸಬೇಕೆಂದಿದ್ದೇನೆ. ಯೋಜನೆ ಇನ್ನೂ ಕಾಗದದ ಮೇಲಿದೆ. ಅದು ತರಗತಿಗೆ ಹೋಗುವ ಮೊದಲು ನಿಮ್ಮೆಲ್ಲರ ಆಕ್ಷೇಪಗಳನ್ನು ಕೇಳಬೇಕಿದೆ.

ನಮ್ಮ ವಿಜ್ಞಾನ ವಸ್ತುಪ್ರದರ್ಶನಗಳನ್ನು ನೋಡಿ. ಥರ್ಮಾಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿ, ಗೋಡೆಯ ತುಂಬ ಚಾರ್ಟುಗಳು. ಇಲ್ಲಿ ಚಿತ್ರಕಲೆಗೆ ಉಳಿದಿರುವ ಕೆಲಸ ಚಾರ್ಟಿನ ಅಂಚಿಗೆ ಬಣ್ಣ ತುಂಬುವುದು ಮಾತ್ರ. ಪಾಠವೆಲ್ಲ ಮುಗಿದ ಮೇಲೆ ಅಲಂಕಾರಕ್ಕೆ ಕರೆಯುತ್ತಾರೆ. ದ್ರವಗಳ ವಿಷಯದಲ್ಲಿ ಹಾಗೆ ಮಾಡಲು ಸಾಧ್ಯವೇ ಇಲ್ಲ. ತಿಳಿನೀರು ಹೇಗೆ ಚಲಿಸುತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಬಿಟ್ಟರೆ ಮಾತ್ರ ಕಾಣುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಮಾಡಿದ್ದೂ ಅದನ್ನೇ. ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನ ನಡುವೆ ತೆಳುವಾದ ಬಣ್ಣದ ಎಳೆಯೊಂದನ್ನು ಬಿಟ್ಟರು. ವೇಗ ಕಡಿಮೆಯಿದ್ದಾಗ ಆ ಎಳೆ ನೂಲು ಹಿಡಿದಂತೆ ನೇರವಾಗಿ ಸಾಗಿತು. ವೇಗ ಒಂದು ಮಿತಿಯನ್ನು ದಾಟಿದೊಡನೆ ನಡುಗಿ, ಒಡೆದು, ಇಡೀ ಕೊಳವೆಯ ತುಂಬ ಹರಡಿಕೊಂಡಿತು. ಅಲ್ಲಿ ಬಣ್ಣವೇ ಅಳತೆಯ ಉಪಕರಣ. ಅದಕ್ಕೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ ಲಿಯೊನಾರ್ಡೊ ಡ ವಿಂಚಿ ಕೊಳಕ್ಕೆ ಧುಮುಕುವ ನೀರಿನ ಸುಳಿಗಳನ್ನು ಒಂದೊಂದಾಗಿ ಬಿಡಿಸಿದ್ದರು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೂ ಛಾಯಾಚಿತ್ರ ಕಲಿಯುವವರನ್ನೂ ಒಟ್ಟಿಗೆ ಕೂರಿಸಿ ಹರಿವಿನ ಚಿತ್ರಗಳನ್ನು ತೆಗೆಸುವ ಕೋರ್ಸ್ ಶುರುವಾಯಿತು. ಅಲ್ಲಿ ದುಬಾರಿ ಕ್ಯಾಮೆರಾಗಳಿದ್ದಿರಬಹುದು. ನಮ್ಮಲ್ಲಿ ಸ್ಟೀಲ್ ತಟ್ಟೆಗಳಿವೆ, ಮೊಬೈಲ್ ಇದೆ, ಕುತೂಹಲವಿರುವ ಮಕ್ಕಳಿದ್ದಾರೆ.

ಸದ್ಯಕ್ಕೆ ಮೂರು ಚಟುವಟಿಕೆಗಳು ಮನಸ್ಸಿನಲ್ಲಿವೆ. ಹಾಲಿನ ಮೇಲೆ ಬಣ್ಣದ ಹನಿಗಳನ್ನು ಇಟ್ಟು ನಡುವೆ ಪಾತ್ರೆ ತೊಳೆಯುವ ದ್ರವವನ್ನು ಮುಟ್ಟಿಸುವುದು ಮೊದಲನೆಯದು. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸಿಕೊಳ್ಳುವುದು ಎರಡನೆಯದು. ಎರಡು ಹಾಳೆಗಳ ನಡುವೆ ಗಟ್ಟಿ ಬಣ್ಣವನ್ನು ಒತ್ತಿ, ಬಿಡಿಸಿದಾಗ ಮೂಡುವ ಮರದ ಕೊಂಬೆಯಂಥ ಚಿತ್ರ ಮೂರನೆಯದು.

ಒಂದು ಷರತ್ತನ್ನು ಮಾತ್ರ ಬಿಡದೆ ಹಾಕಬೇಕೆಂದಿದ್ದೇನೆ. ಚಿತ್ರ ಚೆನ್ನಾಗಿ ಬಂದರೆ ಸಾಲದು, ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕು. ಹಾಗೆ ಮಾಡುವಾಗ ಏನನ್ನು ಬದಲಿಸಿದರೆ ಏನಾಗುತ್ತದೆ ಎಂದು ಮೊದಲೇ ಬರೆದಿಡಬೇಕು. ಇದು ಸರಿಯೇ? ನಿಮಗೆ ಏನನ್ನಿಸುತ್ತದೆ?

ಎರಡು ಮಕ್ಕಳ ತಾಯಿ, ದಾವಣಗೆರೆ

ಮೇಡಂ, ನಿಮ್ಮ ಉತ್ಸಾಹ ದೊಡ್ಡದು, ಒಪ್ಪುತ್ತೇನೆ. ಆದರೆ ಹಾಲನ್ನು ತಟ್ಟೆಗೆ ಸುರಿದು ಸೋಪು ಹಾಕಿ ಚೆಲ್ಲುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕ್ಷೀರಭಾಗ್ಯದ ಒಂದು ಲೋಟ ಹಾಲಿಗೆ ಕಾಯುವ ಮಕ್ಕಳು ಅದೇ ಶಾಲೆಯಲ್ಲಿದ್ದಾರೆ. ಅವರ ಮುಂದೆ ಹಾಲನ್ನು ಬಣ್ಣದ ನೀರು ಮಾಡಿ ಚರಂಡಿಗೆ ಬಿಡಬೇಡಿ. ಅನ್ನವನ್ನು ತುಳಿಯಬಾರದೆಂದು ಹೇಳಿಕೊಟ್ಟು ಬೆಳೆಸಿದ ಮಕ್ಕಳಿಗೆ ಇದು ಯಾವ ಪಾಠ?

ಇನ್ನೊಂದು ಮಾತು. ನನ್ನ ಮಗಳು ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಇಂಥ ಚಟುವಟಿಕೆಗೆ ಕೊಟ್ಟ ಪೀರಿಯಡ್ ಯಾವ ಪಾಠದಿಂದ ಕಡಿತವಾಗುತ್ತದೆ ಎಂದು ಪೋಷಕರಿಗೆ ಮೊದಲೇ ತಿಳಿಸಬೇಕು. ನಾನು ವಿರೋಧಿಸುತ್ತಿಲ್ಲ, ಕೇಳುತ್ತಿದ್ದೇನೆ.

ಕುಂಚ, ಹೊಳಲ್ಕೆರೆ

ನಾನು ಚಿತ್ರಕಲಾ ಶಿಕ್ಷಕ. ಮೇಡಂ ಅವರ ಮೊದಲ ಮಾತು ನನ್ನ ಎದೆಯಲ್ಲಿದ್ದ ಮಾತು. ವರ್ಷಗಟ್ಟಲೆ ಬೇರೆಯವರ ಚಾರ್ಟಿಗೆ ಅಂಚು ಬರೆದುಕೊಟ್ಟ ಕೈ ಇದು.

ಬಣ್ಣ ತೇಲಿಸುವ ಕಲೆ ನಮ್ಮ ನೆಲಕ್ಕೆ ಹೊಸದಲ್ಲ ಎಂಬುದನ್ನು ಮೊದಲು ಹೇಳಬೇಕು. ಟರ್ಕಿಯ ಎಬ್ರು ಕಲೆಯನ್ನು ಯುನೆಸ್ಕೊ 2014ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನಲ್ಲಿ ಮಸಿಯನ್ನು ನೀರಿನ ಮೇಲೆ ತೇಲಿಸುವ ಸುಮಿನಗಾಶಿ ಇದೆ. ಇವೆರಡೂ ಜನರಿಗೆ ಗೊತ್ತು. ಹದಿನೇಳನೇ ಶತಮಾನದಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿ ಕಲಾವಿದರು ಇದೇ ತಂತ್ರದಿಂದ ಕುದುರೆ, ಸವಾರರ ಚಿತ್ರಗಳನ್ನು ಮಾಡಿದ್ದರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಎಲುಬು ಹಂದರವಾದ ಕುದುರೆಯ ಮೈಯನ್ನು ಹೀಗೆ ಹರಿದ ಬಣ್ಣದಿಂದಲೇ ತುಂಬಿದ ಚಿತ್ರವೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ತೇಲುವ ಬಣ್ಣ ತನ್ನಷ್ಟಕ್ಕೆ ಹರಿಯುತ್ತದೆ, ಆದರೆ ಅದು ಕುದುರೆಯ ಹೊರಗೆರೆಯನ್ನು ದಾಟದಂತೆ ಕಲಾವಿದ ತಡೆದಿದ್ದಾನೆ. ಹರಿಯಲು ಬಿಡುವುದು ಎಲ್ಲಿ, ತಡೆಯುವುದು ಎಲ್ಲಿ ಎಂಬ ಆ ತೀರ್ಮಾನವೇ ಕಲೆ.

ಇನ್ನು ನಿಮ್ಮ ಷರತ್ತಿನ ವಿಷಯ. ಅದನ್ನು ನಾನು ಒಪ್ಪುವುದಿಲ್ಲ, ಮೇಡಂ. ಅದೇ ಚಿತ್ರವನ್ನು ಮತ್ತೊಮ್ಮೆ ಮಾಡು ಎಂದು ಮಗುವಿಗೆ ಹೇಳಿದ ಕ್ಷಣ ಅದು ಚಿತ್ರವಾಗಿ ಉಳಿಯುವುದಿಲ್ಲ, ಲ್ಯಾಬ್ ರೆಕಾರ್ಡ್ ಆಗುತ್ತದೆ. ಇಂಥ ಚಿತ್ರ ಒಮ್ಮೆ ಮಾತ್ರ ಹುಟ್ಟುತ್ತದೆ. ಬಿಳಿ ಹಾಳೆಯನ್ನು ನೀರಿನ ಮೇಲಿನಿಂದ ಎತ್ತಿದಾಗ ಮಗುವಿನ ಮುಖದಲ್ಲಿ ಕಾಣುವ ಬೆರಗನ್ನು ನಾನು ನೋಡಿದ್ದೇನೆ. ಅದಕ್ಕೆ ಕಾರಣವೇ ಮುಂದೇನಾಗುತ್ತದೆಂದು ತಿಳಿಯದಿರುವುದು. ಅದನ್ನು ಕಸಿದುಕೊಂಡರೆ ಚಿತ್ರಕಲೆಯನ್ನು ಮತ್ತೆ ಅಂಚಿಗೆ ತಳ್ಳಿದಂತೆಯೇ.

ಹರಿವು ಲೆಕ್ಕ, ದಾವಣಗೆರೆ

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ತರಲಗಳ ಯಂತ್ರಶಾಸ್ತ್ರ (ಫ್ಲೂಯಿಡ್ ಮೆಕ್ಯಾನಿಕ್ಸ್) ಬೋಧಿಸುತ್ತೇನೆ. ಕುಂಚ ಸರ್ ಎತ್ತಿದ ಪ್ರಶ್ನೆಯೇ ಇಡೀ ವಿಷಯದ ತಿರುಳು. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಈ ಚಿತ್ರಗಳಲ್ಲಿ ಕೆಲವು ಸಂಗತಿಗಳು ಮರುಕಳಿಸುತ್ತವೆ, ಕೆಲವು ಎಂದಿಗೂ ಮರುಕಳಿಸುವುದಿಲ್ಲ. ಯಾವುದು ಯಾವುದು ಎಂದು ಮಗು ತಾನೇ ಬೇರ್ಪಡಿಸಿದರೆ ಅದಕ್ಕಿಂತ ದೊಡ್ಡ ಭೌತಶಾಸ್ತ್ರದ ಪಾಠ ಆ ವಯಸ್ಸಿನಲ್ಲಿ ಇನ್ನೊಂದಿಲ್ಲ.

ಕೊಂಬೆಗಳ ಚಿತ್ರವನ್ನೇ ತೆಗೆದುಕೊಳ್ಳಿ. ಎರಡು ಗಾಜಿನ ಹಲಗೆಗಳ ನಡುವೆ ಕಿರಿದಾದ ಸಂದು ಬಿಟ್ಟು ದ್ರವದ ಹರಿವನ್ನು ನೋಡುವ ಸಾಧನವನ್ನು 1898ರಲ್ಲಿ ಹೀಲಿ-ಶಾ ತೋರಿಸಿದರು. ಅಂಥ ಸಂದಿನಲ್ಲಿ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಒಡ್ಡುವ ಅಡ್ಡಿ, ಹೆಚ್ಚಿರುವ ದ್ರವವನ್ನು ಸ್ನಿಗ್ಧತೆ ಕಡಿಮೆಯಿರುವುದು ತಳ್ಳಿದಾಗ ಗಡಿರೇಖೆ ಸಮನಾಗಿ ಮುಂದೆ ಹೋಗದೆ ಬೆರಳುಗಳಾಗಿ ಒಡೆಯುತ್ತದೆ. ಇದನ್ನು 1958ರಲ್ಲಿ ಸ್ಯಾಫ್‌ಮನ್ ಮತ್ತು ಟೇಲರ್ ವಿವರಿಸಿದರು. ಹಾಳೆಗಳನ್ನು ಬಿಡಿಸುವಾಗ ಗಟ್ಟಿ ಬಣ್ಣವನ್ನು ಹೀಗೆ ತಳ್ಳುವುದು ಒಳನುಗ್ಗುವ ಗಾಳಿ. ಕಾರಣ ಸರಳ. ಗಡಿಯಲ್ಲಿ ಎಲ್ಲೋ ಒಂದು ಕಡೆ ಗಾಳಿ ಕೂದಲೆಳೆಯಷ್ಟು ಮುಂದೆ ಹೋದರೆ ಅಲ್ಲಿ ಅದರ ಮುಂದಿರುವ ಗಟ್ಟಿ ದ್ರವದ ದೂರ ಕಡಿಮೆಯಾಗುತ್ತದೆ. ಅಡ್ಡಿ ಕಡಿಮೆಯಾದ ಕಡೆಗೇ ಗಾಳಿ ಮತ್ತಷ್ಟು ನುಗ್ಗುತ್ತದೆ. ದ್ರವದ ಮೇಲ್ಮೈಯನ್ನು ಬಿಗಿಯಾಗಿ ಹಿಡಿಯುವ ಎಳೆತ, ಅಂದರೆ ಮೇಲ್ಮೈ ಕರ್ಷಣ, ಅದನ್ನು ತಡೆಯಲು ನೋಡುತ್ತದೆ, ಏಕೆಂದರೆ ಅಂಕುಡೊಂಕಾದ ಗಡಿ ಅದಕ್ಕೆ ಆಗಿಬರುವುದಿಲ್ಲ. ಈ ಎರಡರ ಜಗ್ಗಾಟದಲ್ಲಿ ಬೆರಳಿನ ಅಗಲ ನಿರ್ಧಾರವಾಗುತ್ತದೆ.

ಯಾವ ಬೆರಳು ಎಲ್ಲಿ ಹುಟ್ಟುತ್ತದೆ, ಯಾವುದು ಕವಲೊಡೆಯುತ್ತದೆ ಎಂಬುದು ಪ್ರತಿಬಾರಿಯೂ ಬೇರೆ. ಅದನ್ನು ನಾನೂ ಹೇಳಲಾರೆ, ಯಾರೂ ಹೇಳಲಾರರು. ಆದರೆ ಹುಟ್ಟುವ ಹೊತ್ತಿನಲ್ಲಿ ಬೆರಳುಗಳ ಅಗಲ ಸರಿಸುಮಾರು ಒಂದೇ. ಸಂದು ಎರಡು ಪಟ್ಟಾದರೆ ಅಗಲವೂ ಎರಡು ಪಟ್ಟಾಗುತ್ತದೆ. ವೇಗ ನಾಲ್ಕು ಪಟ್ಟಾದರೆ ಅಗಲ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕುಂಚ ಸರ್, ಬೆರಗೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ. ಮೇಡಂ ಕೇಳಬೇಕಾದದ್ದು ಅದೇ ಚಿತ್ರವನ್ನಲ್ಲ, ಅದೇ ಬಗೆಯ ಚಿತ್ರವನ್ನು.

ಶಾಲೆಯಲ್ಲಿ ಮಾಡುವುದಾದರೆ ಹರಳೆಣ್ಣೆ ಸಾಕು. ಅದು ನೀರಿಗಿಂತ ನೂರಾರು ಪಟ್ಟು ಸ್ನಿಗ್ಧ. ಪಾರದರ್ಶಕ ಅಕ್ರಿಲಿಕ್ ಹಲಗೆಗಳೆರಡರ ನಡುವೆ ಎಣ್ಣೆ ತುಂಬಿ, ಮೇಲಿನ ಹಲಗೆಯ ರಂಧ್ರದಿಂದ ಸಿರಿಂಜಿನಲ್ಲಿ ಗಾಳಿ ತಳ್ಳಬೇಕು. ಹಾಳೆಗಳನ್ನು ಬಿಡಿಸುವ ವಿಧಾನವನ್ನೇ ಇಟ್ಟುಕೊಂಡರೆ ಮೇಲಿನ ಹಾಳೆಗೆ ನೂಲು ಕಟ್ಟಿ, ಅದನ್ನು ಮೇಜಿನ ಮೇಲಿನ ಅಡ್ಡಕೋಲಿನ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಒಂದೇ ತೂಕದ ಕಲ್ಲು ಇಳಿಬಿಡಿ. ಆಗ ಎಳೆಯುವ ಬಲ ಎಲ್ಲ ಮಕ್ಕಳಿಗೂ ಒಂದೇ ಆಗಿರುತ್ತದೆ.

ಕೋಟೆನೋಟ, ಚಿತ್ರದುರ್ಗ

ನಿವೃತ್ತ ಮುಖ್ಯೋಪಾಧ್ಯಾಯ. ಚರ್ಚೆ ಓದಿ ಸಂತೋಷವಾಯಿತು, ಆದರೂ ನೇರವಾಗಿ ಹೇಳುತ್ತೇನೆ. ಅರವತ್ತು ಮಕ್ಕಳ ತರಗತಿಗೆ ಒಬ್ಬ ಶಿಕ್ಷಕಿ, ಒಂದು ನಲ್ಲಿ, ನಲವತ್ತು ನಿಮಿಷ. ಬಣ್ಣ ಕಲಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮುಂದಿನ ಬೆಂಚಿನ ಕೆಲವು ಮಕ್ಕಳು ಮಾಡುತ್ತಾರೆ, ಉಳಿದವರು ಕತ್ತು ಉದ್ದ ಮಾಡಿ ನೋಡುತ್ತಾರೆ. ನಾನು ನನ್ನ ಸೇವೆಯ ಉದ್ದಕ್ಕೂ ಕಂಡ ಚಟುವಟಿಕೆಗಳ ಪಾಡು ಇದೇ. ಪ್ರತಿ ಮಗುವಿನ ಕೈಗೂ ಕೆಲಸ ಬರುವಂತಿಲ್ಲದಿದ್ದರೆ ಇದನ್ನು ಮಾಡಲೇಬೇಡಿ. ನೋಡುವುದಕ್ಕಷ್ಟೇ ಆದರೆ ಮೊಬೈಲಿನ ವಿಡಿಯೊ ಸಾಕಲ್ಲವೇ?

ಎಲ್ಲವನ್ನೂ ತಟ್ಟೆಯಲ್ಲೇ ತೋರಿಸಬೇಕೆಂಬ ಹಟವೂ ಬೇಡ. ನಮ್ಮ ಕೋಟೆಯ ಮೇಲೆ ಮಳೆ ಬಂದಾಗ ಹೋಗಿ ನೋಡಿ. ಬಂಡೆಯ ಮೇಲಿನ ನೀರು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿ ಹರಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮೇಲಿನ ಹೊಂಡದಲ್ಲಿ ನೀರು ನಿಂತಾಗ ಅದರ ವೇಗ ಸಾಯುತ್ತದೆ, ಮಣ್ಣಿನ ಕಣ ತಳಕ್ಕೆ ಇಳಿಯುತ್ತದೆ, ಕೆಳಗಿನದಕ್ಕೆ ಹೋಗುವ ನೀರು ತಿಳಿಯಾಗುತ್ತದೆ. ಇದನ್ನು ಕಟ್ಟಿದವರು ಹರಿವನ್ನು ಕಣ್ಣಿನಿಂದಲೇ ಓದಿದವರು. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಕೆರೆಯ ಮಾತನ್ನೇ ಹೇಳುತ್ತದೆ. ಮಗು ಆ ಹೊಂಡಗಳ ಮೆಟ್ಟಿಲಿನ ಮೇಲೆ ಕುಳಿತು ನೀರು ಇಳಿಯುವುದನ್ನು ಪೆನ್ಸಿಲಿನಲ್ಲಿ ಬಿಡಿಸಲಿ. ಅದಕ್ಕೆ ಯಾವ ಸಾಮಗ್ರಿಯೂ ಬೇಕಾಗಿಲ್ಲ. ಜೊತೆಗೆ ಹಿರಿಯರೊಬ್ಬರು ಇರಲಿ, ಮಳೆಯಲ್ಲಿ ಕಲ್ಲು ಜಾರುತ್ತದೆ.

ಬಣ್ಣದ ಮನೆ, ಮೊಳಕಾಲ್ಮೂರು

ನಮ್ಮದು ರೇಷ್ಮೆಗೆ ಬಣ್ಣ ಹಾಕುವ ಮನೆ. ಪಿಯುಸಿ ಓದಿದ್ದೇನೆ, ಭೌತಶಾಸ್ತ್ರ ನಿಮ್ಮಷ್ಟು ತಿಳಿಯದು. ಆದರೆ ಬಣ್ಣ ಮತ್ತು ನೀರು ನಮ್ಮ ದಿನನಿತ್ಯದ ಕೆಲಸ, ಅದರಿಂದ ಎರಡು ಮಾತು.

ನಿಮ್ಮ ಮೊದಲ ಶತ್ರು ಬೋರ್‌ವೆಲ್ ನೀರು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ನೀರು ಗಡಸು. ಸಾಬೂನು ಹಾಕಿದರೆ ನೊರೆಯ ಬದಲು ಬಿಳಿ ಕೆನೆ ತೇಲುತ್ತದೆ. ಮಕ್ಕಳು ಪುಸ್ತಕದಲ್ಲಿ ಹೇಳಿದಂತೆ ಮಾಡಿದರೂ ಬಣ್ಣ ಓಡುವುದಿಲ್ಲ, ಆಮೇಲೆ ಪ್ರಯೋಗವೇ ಸುಳ್ಳು ಎಂದುಕೊಳ್ಳುತ್ತಾರೆ. ಮಳೆನೀರು ಹಿಡಿದಿಡಿ, ಇಲ್ಲವೇ ಸಾಬೂನಿನ ಬದಲು ಪಾತ್ರೆ ತೊಳೆಯುವ ದ್ರವವನ್ನೇ ಬಳಸಿ. ಅದು ಮಾರ್ಜಕ (ಡಿಟರ್ಜೆಂಟ್), ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ. ಹತ್ತನೇ ತರಗತಿಯ ಇಂಗಾಲದ ಸಂಯುಕ್ತಗಳ ಪಾಠದಲ್ಲಿ ಸಾಬೂನು ಮತ್ತು ಮಾರ್ಜಕದ ವ್ಯತ್ಯಾಸ ಇದೆ. ಮೇಲೆ ಪ್ರಶ್ನೆ ಕೇಳಿದ ಅಕ್ಕನಿಗೆ ಇದೂ ಒಂದು ಉತ್ತರ: ಎಸ್‌ಎಸ್‌ಎಲ್‌ಸಿಯ ಪಾಠವೇ ಇಲ್ಲಿ ತಟ್ಟೆಯಲ್ಲಿ ನಡೆಯುತ್ತದೆ.

ಎರಡನೆಯದು, ಕದಡುವುದರ ಬಗ್ಗೆ. ರೇಷ್ಮೆಯ ಲಡಿಗಳನ್ನು ಕೋಲಿಗೆ ಹಾಕಿ ಬಣ್ಣದ ನೀರಿನಲ್ಲಿ ಇಳಿಬಿಟ್ಟು ಸುಮ್ಮನೆ ಬಿಡುವಂತಿಲ್ಲ, ಬಿಡದೆ ತಿರುಗಿಸುತ್ತಿರಬೇಕು. ನೂಲಿನ ಪಕ್ಕದಲ್ಲೇ ಇರುವ ನೀರಿನ ಬಣ್ಣವನ್ನು ನೂಲು ಹೀರಿಕೊಂಡುಬಿಡುತ್ತದೆ. ಹೊಸ ಬಣ್ಣದ ನೀರು ಅಲ್ಲಿಗೆ ಹರಿದು ಬರದಿದ್ದರೆ ಪಟ್ಟೆ ಪಟ್ಟೆಯಾಗಿ ಹಿಡಿಯುತ್ತದೆ. ಒಳ್ಳೆಯ ಬಣ್ಣಗಾರ ಎಂದರೆ ನಮ್ಮಲ್ಲಿ ಅದೇ ಛಾಯೆಯನ್ನು ಮತ್ತೆ ತರಬಲ್ಲವನು. ಸೀರೆಯ ಮೈಗೂ ಸೆರಗಿಗೂ ಛಾಯೆ ಬೇರೆಯಾದರೆ ಯಾರು ಕೊಳ್ಳುತ್ತಾರೆ? ಆದ್ದರಿಂದ ಮತ್ತೊಮ್ಮೆ ಮಾಡಿ ತೋರಿಸು ಎನ್ನುವುದು ಕಲೆಗೆ ಅವಮಾನ ಎಂದು ನನಗೆ ಅನ್ನಿಸುವುದಿಲ್ಲ, ಕುಂಚ ಸರ್. ನಮ್ಮಲ್ಲಿ ಕೈಚಳಕಕ್ಕೆ ಅದೇ ಒರೆಗಲ್ಲು.

ಕುಂಚ, ಹೊಳಲ್ಕೆರೆ

ಬಣ್ಣದ ಮನೆಯವರ ಮಾತಿಗೆ ತಲೆಬಾಗುತ್ತೇನೆ. ಒಂದೇ ಬಗೆಯ ಚಿತ್ರ, ಒಂದೇ ಚಿತ್ರವಲ್ಲ ಎಂದು ಉಪನ್ಯಾಸಕರು ಹೇಳಿದ್ದು ನನಗೆ ಒಪ್ಪಿಗೆ. ಆದರೂ ಆಕಸ್ಮಿಕಕ್ಕೆ ಜಾಗ ಬೇಕೇ ಬೇಕು.

ಮೆಕ್ಸಿಕೊದ ಚಿತ್ರಕಾರ ಸಿಕೆರೊಸ್ 1930ರ ದಶಕದಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣವನ್ನು ಸುರಿದು, ಅವು ತಾವಾಗಿಯೇ ಚುಕ್ಕೆ, ಕಣ್ಣು, ಜಾಲಗಳಾಗುವುದನ್ನು ಬಳಸಿಕೊಂಡರು. ಅದನ್ನು ಆಕಸ್ಮಿಕ ಚಿತ್ರಣ ಎಂದೇ ಕರೆದರು. ಮೆಕ್ಸಿಕೊದ ಸಂಶೋಧಕರು 2015ರಲ್ಲಿ ಅದೇ ಬಗೆಯಲ್ಲಿ ಬಣ್ಣ ಸುರಿದು ಪರೀಕ್ಷಿಸಿ ಕಾರಣ ತೋರಿಸಿದರು. ಮೇಲಿನ ಬಣ್ಣ ಕೆಳಗಿನದಕ್ಕಿಂತ ಸಾಂದ್ರವಾಗಿದ್ದರೆ ಅದು ಕೆಳಗಿಳಿಯುತ್ತದೆ, ಹಗುರವಾದದ್ದು ಮೇಲೇಳುತ್ತದೆ, ಹಾಗಾಗಿ ಆ ಜಾಲ ಮೂಡುತ್ತದೆ. ಕಪ್ಪಿನ ಮೇಲೆ ಬಿಳಿ ಸುರಿದರೆ ಚಿತ್ರ ಹುಟ್ಟುತ್ತದೆ, ಬಿಳಿಯ ಮೇಲೆ ಕಪ್ಪು ಸುರಿದರೆ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿನ ಬಿಳಿ ಬಣ್ಣ ಹೆಚ್ಚು ಸಾಂದ್ರ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕ್ರಮ. ಮೊದಲು ಆಕಸ್ಮಿಕ, ಆಮೇಲೆ ಅದರ ಮೇಲೆ ಹಿಡಿತ, ಎಂಬತ್ತು ವರ್ಷಗಳ ನಂತರ ಕಾರಣ. ನಮ್ಮ ತರಗತಿಯಲ್ಲಿ ಕಾರಣವನ್ನೇ ಮೊದಲು ಕರಿಹಲಗೆಯ ಮೇಲೆ ಬರೆದುಬಿಡುತ್ತೇವೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲ ಪೀರಿಯಡ್ ಪೂರ್ತಿ ಮಕ್ಕಳಿಗೇ ಬಿಡಿ. ಪ್ರಶ್ನೆಯಿಲ್ಲ, ಟಿಪ್ಪಣಿಯಿಲ್ಲ. ಎರಡನೆಯ ಸಲ ಬಂದಾಗ ಪ್ರತಿ ಮಗುವೂ ತನಗೆ ಇಷ್ಟವಾದ ಒಂದು ಚಿತ್ರವನ್ನು ಎತ್ತಿಕೊಂಡು, ಇದರಲ್ಲಿ ಯಾವುದನ್ನು ಮತ್ತೆ ತರಬಲ್ಲೆ ಎಂದು ತಾನೇ ಹೇಳಲಿ. ಬಲಗಡೆ ಬಿದ್ದ ಹನಿಯ ಬಾಲ ಮತ್ತೆ ಬರುವುದಿಲ್ಲ, ಆದರೆ ಉಂಗುರಗಳ ಅಂತರ ಬರುತ್ತದೆ ಎಂದು ಮಗುವೇ ಹೇಳಿದರೆ ಅದು ನೋಡುವುದನ್ನು ಕಲಿತಿದೆ ಎಂದರ್ಥ. ಚಿತ್ರಕಲೆಯಲ್ಲಿ ನಾನು ಕಲಿಸಬೇಕೆಂದಿರುವುದೂ ನೋಡುವುದನ್ನೇ.

ತುಂಗೆಯ ತಟ, ಹರಿಹರ

ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ನಮಗೆ ಸ್ನಿಗ್ಧತೆ, ಮೇಲ್ಮೈ ಕರ್ಷಣ, ಬರ್ನೂಲಿ ತತ್ವ ಎಲ್ಲವೂ ಪಾಠದಲ್ಲಿವೆ. ಲೆಕ್ಕ ಬಿಡಿಸುತ್ತೇವೆ, ಆದರೆ ಇವುಗಳನ್ನು ಕಣ್ಣಿನಿಂದ ನೋಡಿರಲಿಲ್ಲ. ಈ ಚರ್ಚೆ ಓದಿದ ಮೇಲೆ ಮನೆಯಲ್ಲಿ ಮೆಂತ್ಯ ನೆನೆಸಿ, ಅದರ ಲೋಳೆಯನ್ನು ಬಟ್ಟೆಯಲ್ಲಿ ಸೋಸಿ ಅಗಲವಾದ ತಟ್ಟೆಗೆ ಹಾಕಿದೆ. ಪೋಸ್ಟರ್ ಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪವೇ ಬೆರೆಸಿ ಹನಿ ಹನಿಯಾಗಿ ಇಟ್ಟೆ. ಒಂದು ಹನಿಯ ನಡುವೆ ಇನ್ನೊಂದು ಇಟ್ಟರೆ ಮೊದಲನೆಯದು ಉಂಗುರವಾಗಿ ಹೊರಗೆ ಸರಿಯುತ್ತದೆ. ಹೊರಗಿನ ಉಂಗುರ ತೆಳುವಾಗುತ್ತಾ ಹೋಗುತ್ತದೆ. ನೋಡಲು ಮರವನ್ನು ಅಡ್ಡಲಾಗಿ ಕೊಯ್ದಂತೆ ಇದೆ. ಉಂಗುರ ಎಷ್ಟು ತೆಳುವಾಗಬೇಕು ಎಂಬುದಕ್ಕೆ ಸೂತ್ರ ಇದೆಯೇ ಸರ್?

ಹರಿವು ಲೆಕ್ಕ, ದಾವಣಗೆರೆ

ಇದೆ, ಮತ್ತು ಅದು ಒಂಬತ್ತನೇ ತರಗತಿಯ ಮಗುವಿಗೂ ಸಿಗುತ್ತದೆ. ಬಣ್ಣದ ಪದರ ಅದುಮಿಕೊಳ್ಳುವುದಿಲ್ಲ ಎಂದುಕೊಳ್ಳೋಣ. ಹಾಗಾದರೆ ಪ್ರತಿ ಬಣ್ಣವೂ ತನ್ನ ವಿಸ್ತೀರ್ಣವನ್ನು ಉಳಿಸಿಕೊಳ್ಳಬೇಕು, ಆಕಾರ ಮಾತ್ರ ಬದಲಾಗಬೇಕು. ಒಂದು ಹನಿ 2 ಸೆಂಟಿಮೀಟರ್ ತ್ರಿಜ್ಯದ ವೃತ್ತವಾಗಿ ಹರಡಿತು ಎನ್ನಿ. ನಡುವೆ ಅಷ್ಟೇ ದೊಡ್ಡ ಎರಡನೆಯ ಹನಿ ಬಿದ್ದರೆ ಒಟ್ಟು ವಿಸ್ತೀರ್ಣ ಎರಡು ಪಟ್ಟು, ಆದ್ದರಿಂದ ಹೊರಗಿನ ತ್ರಿಜ್ಯ 2ರ ಬದಲು 2√2, ಅಂದರೆ 2.8 ಸೆಂಟಿಮೀಟರ್. ಮೂರನೆಯದಕ್ಕೆ 3.5, ನಾಲ್ಕನೆಯದಕ್ಕೆ 4. ನಾಲ್ಕು ಹನಿ ಬಿದ್ದ ಮೇಲೆ ಅತ್ಯಂತ ಹೊರಗಿನ ಉಂಗುರದ ದಪ್ಪ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ವರ್ಗಮೂಲ ಯಾಕೆ ಬೇಕು ಎಂದು ಕೇಳುವ ಮಕ್ಕಳಿಗೆ ಈ ತಟ್ಟೆಯನ್ನು ತೋರಿಸಿ.

ಈಗ ನಿಮ್ಮ ತಟ್ಟೆಯನ್ನು ಅಳೆಯಿರಿ. ಹೊರಗಿನ ತ್ರಿಜ್ಯ ಲೆಕ್ಕಕ್ಕಿಂತ ಚಿಕ್ಕದಾಗಿ ಬಂದರೆ ಆಶ್ಚರ್ಯವಿಲ್ಲ.

ತುಂಗೆಯ ತಟ, ಹರಿಹರ

ಅಳೆದೆ ಸರ್. ಮೊದಲ ಎರಡು ಉಂಗುರಗಳು ಲೆಕ್ಕಕ್ಕೆ ಹತ್ತಿರ ಇದ್ದವು. ಆಮೇಲೆ ನೀವು ಹೇಳಿದಂತೆ ಚಿಕ್ಕದಾಗುತ್ತಾ ಬಂದವು. ಕೊನೆಯ ಹನಿಗಳು ಮೊದಲಿನಷ್ಟು ಹರಡಲೇ ಇಲ್ಲ, ಚುಕ್ಕೆಯಾಗಿ ಉಳಿದವು. ಯಾಕೆ?

ಹರಿವು ಲೆಕ್ಕ, ದಾವಣಗೆರೆ

ಹನಿ ಹರಡಲು ಕಾರಣ ಸುತ್ತಲಿನ ಮೇಲ್ಮೈ ಅದನ್ನು ಎಳೆಯುವುದು. ಕೋಣೆಯ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಕರ್ಷಣ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಮಾರ್ಜಕ ಬೆರೆತ ನೀರಿನಲ್ಲಿ ಅದು ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು. ಹೆಚ್ಚು ಬಿಗಿಯಾದ ಕಡೆ ಕಡಿಮೆ ಬಿಗಿಯಾದ ಕಡೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಇದಕ್ಕೆ ಇಟಲಿಯ ಕಾರ್ಲೊ ಮರಂಗೋನಿ ಅವರ ಹೆಸರು ನಿಂತಿದೆ, ಅವರು 1865ರಲ್ಲಿ ಇದರ ಬಗ್ಗೆ ಬರೆದರು. ನೀವು ಹನಿಗಳನ್ನು ಇಡುತ್ತಾ ಹೋದಂತೆ ಇಡೀ ತಟ್ಟೆಯ ಮೇಲ್ಮೈಯೇ ಮಾರ್ಜಕದಿಂದ ಸಡಿಲವಾಗುತ್ತದೆ, ಹೊಸ ಹನಿಯನ್ನು ಎಳೆಯುವವರು ಉಳಿಯುವುದಿಲ್ಲ. ಎಬ್ರು ಕಲಾವಿದರು ಇದನ್ನು ಕೈಯಿಂದ ಬಲ್ಲವರು. ಅವರು ಬಣ್ಣ ಹರಡಲು ಎತ್ತಿನ ಪಿತ್ತರಸ ಬಳಸುತ್ತಾರೆ, ನಂತರ ಹಾಕುವ ಬಣ್ಣಗಳಿಗೆ ಅದನ್ನು ಹೆಚ್ಚು ಸೇರಿಸುತ್ತಾರೆ. ನೀವೂ ಮುಂದಿನ ಹನಿಗಳಿಗೆ ಮಾರ್ಜಕವನ್ನು ತುಸು ಹೆಚ್ಚಿಸಿ ನೋಡಿ. ಸೂತ್ರ ಎಲ್ಲಿ ಕೈಕೊಟ್ಟಿತೋ ಅಲ್ಲಿಂದಲೇ ಮೇಲ್ಮೈ ಕರ್ಷಣದ ಪಾಠ ಶುರುವಾಯಿತು, ನೋಡಿ.

ಹಾಲಿನ ಬಗ್ಗೆ ಕೇಳಿದ ತಾಯಿಯವರಿಗೂ ಇಲ್ಲೇ ಉತ್ತರವಿದೆ. ಸೋಪು ಕೊಬ್ಬನ್ನು ಬೆನ್ನಟ್ಟುವುದರಿಂದ ಹಾಲಿನಲ್ಲಿ ಬಣ್ಣ ಓಡುತ್ತದೆ ಎಂದು ಅನೇಕ ವಿಡಿಯೊಗಳಲ್ಲಿ ಹೇಳುತ್ತಾರೆ. ಮುಖ್ಯ ಕಾರಣ ಅದಲ್ಲ, ಮೇಲ್ಮೈ ಕರ್ಷಣ. ಕೊಬ್ಬಿಲ್ಲದ ಬರಿಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಸೋಪಿನ ಬೆರಳು ಮುಟ್ಟಿಸಿದರೂ ಪುಡಿ ಅಂಚಿಗೆ ಓಡುತ್ತದೆ. ಹಾಲು ಬೇಕಾಗಿಯೇ ಇಲ್ಲ.

ಸುಳಿಗಳ ಬಗ್ಗೆಯೂ ಒಂದು ಚಟುವಟಿಕೆ ಸೇರಿಸಿಕೊಳ್ಳಿ. ಮುತ್ತಿನ ಹೊಳಪಿರುವ ಶಾಂಪೂವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಟ್ರೇಗೆ ಹಾಕಿ. ಅದರೊಳಗಿನ ಚಪ್ಪಟೆ ಕಣಗಳು ಹರಿವಿನ ದಿಕ್ಕಿಗೆ ತಿರುಗುವುದರಿಂದ ಹರಿವು ಬೆಳಕಿನಲ್ಲಿ ಕಾಣುತ್ತದೆ. ಪೆನ್ನೊಂದನ್ನು ನೆಟ್ಟಗೆ ಹಿಡಿದು ಎಳೆದರೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿಗಳ ಸಾಲು ಬೀಳುತ್ತದೆ. ಕಾರ್ಮನ್ ಸುಳಿಸಾಲು ಎಂದರೆ ಅದೇ. ಸ್ವಲ್ಪ ವೇಗವಾಗಿ ಎಳೆದರೂ ನಿಧಾನವಾಗಿ ಎಳೆದರೂ ಒಂದು ಬದಿಯ ಸುಳಿಗಳ ನಡುವಿನ ಅಂತರ ಪೆನ್ನಿನ ದಪ್ಪದ ನಾಲ್ಕೈದು ಪಟ್ಟು. ವೇಗ ಹೆಚ್ಚಿದರೆ ಸುಳಿಗಳೂ ಬೇಗ ಬೇಗ ಹುಟ್ಟುತ್ತವೆ, ಹಾಗಾಗಿ ಅಂತರ ಉಳಿಯುತ್ತದೆ. ಭದ್ರಾ ನಾಲೆಯ ಸೇತುವೆಯ ಕಂಬದ ಹಿಂದೆ ಇದನ್ನೇ ದೊಡ್ಡದಾಗಿ ನೋಡಬಹುದು. ಆದರೆ ಮಕ್ಕಳನ್ನು ನಾಲೆಯ ಅಂಚಿಗೆ ಕರೆದೊಯ್ಯಬೇಡಿ, ರಸ್ತೆಯ ಸೇತುವೆಯ ಮೇಲಿಂದ ತೆಗೆದ ವಿಡಿಯೊ ಸಾಕು.

ತೊಟ್ಟಿಯಲ್ಲಿ ಬಣ್ಣ ನೋಡುವುದು ಮಕ್ಕಳಾಟ ಎಂದು ಯಾರಾದರೂ ಹೇಳಿದರೆ ವಿಜ್ಞಾನಿ ರೊದ್ದಂ ನರಸಿಂಹ ಅವರ ಕೆಲಸವನ್ನು ನೆನಪಿಸಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ನೀರಿನ ತೊಟ್ಟಿಯಲ್ಲೇ ಮೋಡವನ್ನು ಬೆಳೆಸಿತು. ಮೋಡದಲ್ಲಿ ಆವಿ ಹನಿಗಟ್ಟುವಾಗ ಶಾಖ ಬಿಡುಗಡೆಯಾಗುತ್ತದೆ. ಅದರ ಬದಲಿಗೆ ಮೇಲೇರುವ ನೀರಿನ ಹರಿವಿಗೆ ವಿದ್ಯುತ್ತಿನಿಂದ ಶಾಖ ಕೊಟ್ಟರು. ಹೂಕೋಸಿನಂತೆ ಉಬ್ಬುವ ಮೋಡದ ಆಕಾರಗಳು ತೊಟ್ಟಿಯೊಳಗೇ ಮೂಡಿದವು.

ಎರಡು ಮಕ್ಕಳ ತಾಯಿ, ದಾವಣಗೆರೆ

ಹಾಲು ಬೇಡವೆಂದರೆ ನನ್ನ ಮೊದಲ ಆಕ್ಷೇಪ ಮುಗಿಯಿತು. ಮೆಣಸಿನ ಪುಡಿಯ ಪ್ರಯೋಗವನ್ನು ಮಗಳು ಮನೆಯಲ್ಲಿ ಮಾಡಿ ತೋರಿಸಿದಳು. ತಂಬಿಗೆಯ ನೀರಿನಲ್ಲಿ ಮಾಡಿದರೆ ಸರಿಯಾಗಿ ಕಾಣುವುದಿಲ್ಲ, ಅಗಲದ ತಟ್ಟೆಯೇ ಬೇಕು ಎಂದು ಅವಳೇ ಕಂಡುಕೊಂಡಳು. ಪೀರಿಯಡ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ಓಬಳಾಪುರದ ದಾರಿ, ಚಳ್ಳಕೆರೆ

ನಾನೂ ವಿಜ್ಞಾನ ಶಿಕ್ಷಕ. ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನಡೆಯುತ್ತದೆ, ನಾನು ಅಲ್ಲಿ ಕಲಿತಿದ್ದೇನೆ. ಅಲ್ಲಿಂದ ಬಂದ ಮೇಲೆ ನನಗೆ ಮನವರಿಕೆಯಾದ ಒಂದು ಸಂಗತಿ: ಶಿಕ್ಷಕರು ತಾವೇ ಕೈ ಒದ್ದೆ ಮಾಡಿಕೊಳ್ಳದ ಪ್ರಯೋಗ ತರಗತಿಯಲ್ಲಿ ನಿಲ್ಲುವುದಿಲ್ಲ. ಮೇಡಂ, ಮಕ್ಕಳಿಗಿಂತ ಮೊದಲು ನಿಮ್ಮ ತಾಲ್ಲೂಕಿನ ವಿಜ್ಞಾನ ಮತ್ತು ಚಿತ್ರಕಲಾ ಶಿಕ್ಷಕರನ್ನು ಒಂದು ಮಧ್ಯಾಹ್ನ ಸೇರಿಸಿ. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೇ ಇದೆ, ಅಲ್ಲಿನ ವಿದ್ಯಾರ್ಥಿಗಳನ್ನೂ ಕರೆಯಿರಿ.

ನೀರಸುಳಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆ. ಯೋಜನೆ ಈಗ ಬದಲಾಗಿದೆ.

ಹಾಲನ್ನು ಕೈಬಿಟ್ಟೆ. ಮೆಣಸಿನ ಪುಡಿ, ಮೆಂತ್ಯದ ಲೋಳೆಯ ಉಂಗುರಗಳು, ಎರಡು ಹಲಗೆಗಳ ನಡುವಿನ ಕೊಂಬೆಗಳು, ಶಾಂಪೂವಿನ ಸುಳಿಸಾಲು, ಇವು ಉಳಿಯುತ್ತವೆ. ಕುಂಚ ಸರ್ ಹೇಳಿದಂತೆ ಮೊದಲ ಪೀರಿಯಡ್ ಬರಿಯ ಆಟ. ಎರಡನೆಯದರಲ್ಲಿ ಪ್ರತಿ ಮಗುವೂ ತನ್ನ ಚಿತ್ರದ ಕೆಳಗೆ ಎರಡು ಸಾಲು ಬರೆಯುತ್ತದೆ: ಇದರಲ್ಲಿ ಮತ್ತೆ ಬರುವುದು ಯಾವುದು, ಮತ್ತೆ ಬಾರದಿರುವುದು ಯಾವುದು. ಮೂರನೆಯದರಲ್ಲಿ ಅಳತೆಪಟ್ಟಿ ಹಿಡಿದು ಆ ಮಾತನ್ನು ಪರೀಕ್ಷಿಸುತ್ತದೆ. ಅಂದಕ್ಕೆ ಅಂಕವಿಲ್ಲ. ಬರೆದ ಮಾತು ನಿಜವಾಯಿತೇ, ಸುಳ್ಳಾದರೆ ಯಾಕೆಂದು ಮಗು ಯೋಚಿಸಿತೇ ಎಂಬುದಕ್ಕೆ ಮಾತ್ರ ನಾನು ಟಿಪ್ಪಣಿ ಬರೆಯುತ್ತೇನೆ.

ತಾಯಿಯವರ ಪ್ರಶ್ನೆಗೆ ಉತ್ತರ: ಮೂರರಲ್ಲಿ ಎರಡು ಪೀರಿಯಡ್‌ಗಳನ್ನು ಚಿತ್ರಕಲಾ ಶಿಕ್ಷಕರು ತಮ್ಮ ವೇಳೆಯಿಂದ ಕೊಡಲು ಒಪ್ಪಿದ್ದಾರೆ. ಒಂದು ಮಾತ್ರ ವಿಜ್ಞಾನದ್ದು. ಗಣಿತದಿಂದ ಏನನ್ನೂ ಕಸಿಯುವುದಿಲ್ಲ, ವರ್ಗಮೂಲವನ್ನು ನಾವೇ ಅವರಿಗೆ ಕೊಡುತ್ತಿದ್ದೇವೆ.

ಕೋಟೆನೋಟದ ಗುರುಗಳು ಹೇಳಿದ ಅರವತ್ತು ಮಕ್ಕಳ ಮಾತು ನನ್ನನ್ನು ಬಹಳ ಕಾಡಿತು. ನಾಲ್ವರಿಗೆ ಒಂದು ತಟ್ಟೆಯಂತೆ ಹದಿನೈದು ತಂಡ ಮಾಡುತ್ತೇನೆ. ಊಟದ ತಟ್ಟೆಗಳೇ ಸಾಕು, ಆದರೆ ಬಣ್ಣ ಹಾಕಿದವು ಮತ್ತೆ ಊಟಕ್ಕೆ ಹೋಗುವಂತಿಲ್ಲ, ಆದ್ದರಿಂದ ಹಳೆಯವನ್ನು ಬೇರೆಯಾಗಿ ಸಂಗ್ರಹಿಸುತ್ತಿದ್ದೇನೆ. ಮಳೆಗಾಲದಲ್ಲಿ ಚಿತ್ರದುರ್ಗಕ್ಕೆ ಮಕ್ಕಳನ್ನು ಕರೆತರುವ ಆಸೆಯೂ ಇದೆ, ಗುರುಗಳೇ. ಆಗ ಹೊಂಡಗಳನ್ನು ನೀವೇ ತೋರಿಸಬೇಕು.

ಇನ್ನು ಎರಡು ವಿಷಯಕ್ಕೆ ಸಹಾಯ ಬೇಕು. ಮೆಂತ್ಯದ ಲೋಳೆಯ ಮೇಲಿನ ಬಣ್ಣ ಕಾಗದಕ್ಕೆ ಸರಿಯಾಗಿ ಹಿಡಿಯುತ್ತಿಲ್ಲ, ತೊಳೆದರೆ ಹೋಗುತ್ತದೆ. ಅಕ್ರಿಲಿಕ್ ಹಲಗೆಗಳು ಎಲ್ಲಿ ಅಗ್ಗವಾಗಿ ಸಿಗುತ್ತವೆ?

ಬಣ್ಣದ ಮನೆ, ಮೊಳಕಾಲ್ಮೂರು

ಮೇಡಂ, ಕಾಗದಕ್ಕೆ ಪಟಿಕ ಹಚ್ಚಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಪಟಿಕದ ಪುಡಿ ಕರಗಿಸಿ, ಆರಿದ ಮೇಲೆ ಸ್ಪಂಜಿನಿಂದ ಕಾಗದಕ್ಕೆ ತೆಳುವಾಗಿ ಸವರಿ ಒಣಗಿಸಿ. ಯಾವ ಬದಿಗೆ ಹಚ್ಚಿದ್ದೀರಿ ಎಂದು ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಒಣಗಿದ ಮೇಲೆ ತಿಳಿಯುವುದಿಲ್ಲ. ಗಿಡಮೂಲಿಕೆಯ ಬಣ್ಣಗಳನ್ನು ನೂಲಿಗೆ ಹಿಡಿಸಲು ಬಳಸುವುದೂ ಪಟಿಕವನ್ನೇ.

ನಾಮಫಲಕ ಅಂಗಡಿ, ದಾವಣಗೆರೆ

ಚರ್ಚೆಯನ್ನು ಓದುತ್ತಿದ್ದೆ, ಬರೆದಿರಲಿಲ್ಲ. ನಾಮಫಲಕ ಮಾಡುವ ನಮ್ಮಂಥ ಅಂಗಡಿಗಳಲ್ಲಿ ಅಕ್ರಿಲಿಕ್ ಕತ್ತರಿಸಿದ ಮೇಲೆ ತುಂಡುಗಳು ಉಳಿಯುತ್ತವೆ. ಮೂರು ಮಿಲಿಮೀಟರ್ ದಪ್ಪದ ಪಾರದರ್ಶಕ ತುಂಡುಗಳನ್ನು ಶಾಲೆಗೆಂದು ಎತ್ತಿಡುತ್ತೇನೆ, ಹಣ ಬೇಡ. ಅಂಚುಗಳನ್ನು ಉಜ್ಜಿ ಕೊಡುತ್ತೇನೆ, ಮಕ್ಕಳ ಕೈಗೆ ತಾಗಬಾರದು. ರಂಧ್ರವನ್ನು ನೀವು ಮೊಳೆಯಿಂದ ಮಾಡಲು ಹೋಗಬೇಡಿ, ಬಿರುಕು ಬಿಡುತ್ತದೆ. ನೀವು ಬಳಸುವ ಸಿರಿಂಜನ್ನೇ ತನ್ನಿ, ಅದರ ಮೂತಿಯ ಅಳತೆಗೆ ನಾನೇ ಕೊರೆದು ಕೊಡುತ್ತೇನೆ.